ನಾಲ್ಕು ಬೆರಳಿನ ಅರಿಶಿನ

ಕೊಯಮತ್ತೂರು
5 ಫೆಬ್ರವರಿ 1987

ಪ್ರೀತಿಯ ಅತ್ತೆಗೆ,

ಇವತ್ತು ಬೆಳಿಗ್ಗೆ ಗಾಂಧಿಪುರಂ ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯವನು ನಮ್ಮ ‘ಮೋಟಾರ್ ಮುರಸು’ವಿನ ಹೊಸ ಸಂಚಿಕೆಗಳನ್ನು ದಾರಕ್ಕೆ ಸಿಕ್ಕಿಸಿ ನೇತುಹಾಕುತ್ತಿದ್ದ. ಮುಖಪುಟದ ಮೇಲೆ ಮಾಮನ ವ್ಯಾನು ಗಾಳಿಗೆ ಅಲುಗಾಡುತ್ತಿತ್ತು. ನನ್ನ ಬಸ್ಸು ಬಂದರೂ ಹತ್ತದೆ ನೋಡುತ್ತ ನಿಂತೆ. ಕಪ್ಪುಬಿಳುಪಿನ ಫೋಟೋ. ಹಳೇ ಬ್ರೆಡ್ ವ್ಯಾನಿಗೆ ಮಾಮ ಹೊಡೆಸಿದ ಬಿಳಿ ಬಣ್ಣ, ಬಾಗಿಲಿಗೆ ಒರಗಿ ನಿಂತ ನಮ್ಮ ಸಂಪಾದಕರು, ಅವರ ಮೊಣಕೈ ಪಕ್ಕದಲ್ಲಿ ಒಂದು ಕೈಗುರುತು. ಅಂಗೈ ಚೆನ್ನಾಗಿ ಮೂಡಿದೆ. ಬೆರಳು ಮಾತ್ರ ನಾಲ್ಕೇ.

ಆ ಕೈಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ವರದಿ. ತಮಿಳಿನಲ್ಲಿರುವುದರಿಂದ ನೀವು ಓದಿರುವುದಿಲ್ಲ, ಮಾಮ ಓದಿರುತ್ತಾರೆ. ಓದಿ ನಿಮಗೆ ಅರ್ಧ ಹೇಳಿರುತ್ತಾರೆ.

ಬ್ಯಾಟರಿಯಿಂದ ಓಡುವ ವ್ಯಾನನ್ನು ಕಿಣತ್ತುಕಡವಿನಿಂದ ಪೊಳ್ಳಾಚಿ ಕಡೆಗೆ ಓಡಿಸಿದರಂತೆ. ಮೊದಲಿನಿಂದ ಕೊನೆಯ ತನಕ ಪೆಡಲನ್ನು ಪೂರ್ತಿ ಒತ್ತಿಸಿದರಂತೆ. ಎಷ್ಟು ವೇಗ, ಎಷ್ಟು ಬೇಗ ಆ ವೇಗ ಬಂತು, ಏರಿನಲ್ಲಿ ಏನಾಯಿತು, ಎಲ್ಲ ಬರೆದಿದ್ದಾರೆ. ಪೊಳ್ಳಾಚಿ ಇನ್ನೂ ಬರಬೇಕು ಅನ್ನುವಾಗ ವ್ಯಾನು ನಿಂತಿತು. ಆಗ ಹಿಂದಿನಿಂದ ಒಂದು ಎತ್ತಿನ ಗಾಡಿ ಬಂತಂತೆ. ಗಾಡಿಯವನು ಇವರನ್ನು ದಾಟಿ ಹೋಗಿ, ಕತ್ತು ತಿರುಗಿಸಿ, “ಹಗ್ಗ ಬೇಕುಂಗಳಾ?” ಎಂದು ಮರ್ಯಾದೆಯಿಂದ ಕೇಳಿದನಂತೆ. ಅಲ್ಲಿಗೆ ವರದಿ ಮುಗಿಯುತ್ತದೆ.

ಆಫೀಸಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆನೋ ಏನೋ. ನಗದಿದ್ದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಬರೆದವರು ವಾಯುಪುತ್ರನ್. ನಿಮಗೆ ಒಂದು ಗುಟ್ಟು ಹೇಳುತ್ತೇನೆ. ಊರೂರಿನ ಮೆಕ್ಯಾನಿಕ್ಕುಗಳು ಯಾರ ಮಾತನ್ನು ದೇವರ ವಾಕ್ಯದ ಹಾಗೆ ಹೇಳುತ್ತಾರೋ ಆ ವಾಯುಪುತ್ರನ್ ಬೇರೆ ಯಾರೂ ಅಲ್ಲ, ನಮ್ಮ ಸಂಪಾದಕ ಸೆಲ್ಲಪ್ಪನ್ ಸಾರ್. ಅವರು ಆಫೀಸಿಗೆ ಬರುವುದು ಟೌನ್ ಬಸ್ಸಿನಲ್ಲಿ. ಗಾಡಿ ಜೋರಾಗಿ ಹೋದರೆ ಅವರಿಗೆ ತಲೆಸುತ್ತು. ಒಳ್ಳೆಯವರು, ದಿನಾ ಎಲ್ಲರಿಗೂ ಲಾಡು ಹಂಚುತ್ತಾರೆ. ಆದರೆ ವಾಯುಪುತ್ರನ್ ಪುಟವನ್ನು ಮಾತ್ರ ಕರಡು ತಿದ್ದುವ ನನಗೂ ತೋರಿಸದೆ ತಾವೇ ಪ್ರೆಸ್ಸಿಗೆ ಒಯ್ಯುತ್ತಾರೆ. ವ್ಯಾನಿನ ಪೆರಿಯಸಾಮಿ ನನ್ನ ತಾಯಿಯ ತಮ್ಮ ಎಂದು ಅವರಿಗೆ ಗೊತ್ತಿಲ್ಲ. ಪರೀಕ್ಷೆ ಮಾಡಿ ಎಂದು ಮಾಮ ಬರೆದ ಕಾಗದ ಬಂದ ದಿನವೇ ಹೇಳಬೇಕಿತ್ತು. ಆ ದಿನ ಬಾಯಿ ಬರಲಿಲ್ಲ. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಈಗ ಕೈ. ಇಲ್ಲಿಂದ ಮುಂದೆ ಮಾಮನಿಗೆ ಓದಿ ಹೇಳಬೇಡಿ.

ಅರಿಶಿನ ಕಲಸಿ ಗಾಡಿಯ ಬಾಗಿಲಿಗೆ ಕೈ ಒತ್ತುವುದು ನಮ್ಮ ಮನೆದೇವರ ಗುಡಿಯ ಪೂಜಾರಿ ತಾತ ಮಾತ್ರ. ಕಬ್ಬಿನ ಗಾಣಕ್ಕೆ ಬೆರಳು ಕೊಟ್ಟವರೂ ಅವರೇ. ಪೊಂಗಲ್‌ಗೆ ಬಂದಾಗ ಆ ಬಾಗಿಲನ್ನು ನಾನೇ ಒರೆಸಿದ್ದೆ, ಏನೂ ಇರಲಿಲ್ಲ. ಫೋಟೋ ತೆಗೆದದ್ದು ಪರೀಕ್ಷೆಯ ದಿನ, ಓಡಿಸುವ ಮೊದಲು. ಅರಿಶಿನ ಇನ್ನೂ ಹಸಿಯಾಗಿದೆ, ಒಂದು ಹನಿ ಕೆಳಗೆ ಇಳಿದಿದೆ. ಆ ಬೆಳಿಗ್ಗೆ ಮಾಮ ಇವರನ್ನೆಲ್ಲ ಕರೆತರಲು ಮೊದಲ ಬಸ್ಸಿಗೆ ಕೊಯಮತ್ತೂರಿಗೆ ಬಂದಿದ್ದರು.

ಮಾಮ ಇಲ್ಲದಾಗ ವ್ಯಾನು ಎಲ್ಲಿಗೆ ಹೋಗಿತ್ತು ಅತ್ತೆ?

ನಿಮ್ಮ
ರಂಗಿ


ಕಿಣತ್ತುಕಡವು
16 ಫೆಬ್ರವರಿ 1987

ಚಿರಂಜೀವಿ ರಂಗನಾಯಕಿಗೆ ನಿನ್ನ ಅತ್ತೆ ದೇವೀರಮ್ಮ ಮಾಡುವ ಆಶೀರ್ವಾದ.

ಕಾಗದ ಬಂತು. ನಿಮ್ಮ ಮಾಮ ಊಟಕ್ಕೆ ಕೂತಿದ್ದವರು ಓದು ಅಂದರು. ಓದಿದೆ. ಕೊನೆಯ ಭಾಗ ಬಂದಾಗ ಹಾಲು ಉಕ್ಕಿತು ಅಂತ ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಇಷ್ಟು ದೊಡ್ಡ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ ಆಗಿರುವುದು ಎಷ್ಟು ಒಳ್ಳೆಯದು ಅಂತ ಮದುವೆಯಾಗಿ ಗುಂಡ್ಲುಪೇಟೆಯಿಂದ ಬಂದ ಮೇಲೆ ಇದೇ ಮೊದಲ ಸಲ ಅನ್ನಿಸಿತು. ನಿನಗೆ ಸ್ಲೇಟು ಹಿಡಿದು ಕಲಿಸಿದ್ದಕ್ಕೆ ಈಗ ಫಲ ಬಂತು ನೋಡು.

ಇಲ್ಲಿ ಊರೆಲ್ಲ ಹಗ್ಗದ ಮಾತೇ. ಕ್ಷೌರದ ಅಂಗಡಿಯಲ್ಲಿ ಆ ಪುಸ್ತಕ ಇಟ್ಟಿದ್ದಾರಂತೆ, ಕತ್ತು ಬಗ್ಗಿಸಿದವರೂ ಓದುತ್ತಾರಂತೆ. ಮೊನ್ನೆ ಪೊಳ್ಳಾಚಿ ಬಸ್ಸು ಸ್ಟ್ಯಾಂಡಿನಲ್ಲೇ ಕೆಟ್ಟು ನಿಂತಿತು. ಕಂಡಕ್ಟರ್ ಇಳಿದು, “ಇದು ಪೆರಿಯಸಾಮಿ ಬಸ್ಸಾಗಿ ಹೋಯ್ತು, ಹಗ್ಗ ತನ್ನಿ” ಅಂದನಂತೆ. ಬಸ್ಸು ಡೀಸೆಲ್ಲಿನದು. ನಿಮ್ಮ ಮಾಮ ಮೊದಲ ವಾರ ನಕ್ಕರು. “ಒಳ್ಳೇ ಹೆಸರು ಬಂತು ಬಿಡು, ಎಲೆಕ್ಷನ್‌ಗೆ ನಿಲ್ಲಬಹುದು” ಅಂದರು. ಈಗ ಟೀ ಅಂಗಡಿ ಕಡೆಗೇ ಹೋಗುವುದಿಲ್ಲ, ಮನೆಯಲ್ಲೇ ಮಾಡಿಕೊಡು ಅನ್ನುತ್ತಾರೆ. ನನ್ನ ಟೀ ಅವರಿಗೆ ಯಾವತ್ತೂ ಸೇರಿದ್ದಲ್ಲ.

ಅವಿನಾಶಿಯ ಪವರ್‌ಲೂಮ್ ನಂಜಪ್ಪನ್ ಹೇಳಿಕಳಿಸಿದ್ದಾರೆ. ನೂಲು ಸಾಗಿಸಲು ಎರಡು ವ್ಯಾನು ಮಾಡಿಕೊಡಿ ಅಂದಿದ್ದರಲ್ಲ, ಅದು ಈಗ ಬೇಡವಂತೆ. “ನನಗೇನೂ ಇಲ್ಲ, ವಾಯುಪುತ್ರನೇ ಹಿಂಗೆ ಬರೆದ ಮೇಲೆ ನಾಳೆ ನನ್ನ ಮಗ್ಗದವರು ನಗುತ್ತಾರೆ” ಅಂದರಂತೆ.

ಅದಾದರೂ ಹೋಗಲಿ. ನಿಮ್ಮ ಮಾಮನೇ ಅದನ್ನು ನಂಬಿದ್ದಾರೆ. ಬಾವಿ ಮೋಟಾರುಗಳಿಗೆ ತಂತಿ ಸುತ್ತುತ್ತ ತಲೆ ನರೆತಿದೆ, ಈ ಮೋಟಾರನ್ನೂ ತಾವೇ ಸುತ್ತಿದ್ದು. ಆದರೂ “ಅಚ್ಚಾಗಿದೆ ದೇವೀರಾ, ಸುಮ್ನೆ ಅಚ್ಚು ಹಾಕ್ತಾರಾ? ನಾನೇ ಎಲ್ಲೋ ತಪ್ಪಿದೀನಿ” ಅನ್ನುತ್ತಾರೆ. ಬ್ಯಾಟರಿಗಳನ್ನು ಟ್ರ್ಯಾಕ್ಟರ್ ಇಟ್ಟವರಿಗೆ ಕೊಟ್ಟುಬಿಡುತ್ತಾರಂತೆ. ಏಪ್ರಿಲ್ ನಡುವೆ ಚಿತ್ತಿರೈ ಹಬ್ಬ ಕಳೆದ ಮೇಲೆ ಹಳೇ ಕಬ್ಬಿಣದವನು ಬಂದು ಬಾಡಿ ಬಿಚ್ಚಿಕೊಂಡು ಹೋಗುತ್ತಾನೆ.

ನೀನು ಕೇಳಿದ ವಿಷಯ. ಅಜ್ಜಿಗೆ ಮೊಣಕಾಲು ನೋವು ಈಗ ಕಡಿಮೆ. ಮಾವಿನ ಮರ ಈ ಸಲ ಚೆನ್ನಾಗಿ ಹೂ ಬಿಟ್ಟಿದೆ.

ಹಾಸ್ಟೆಲ್ಲಿನಲ್ಲಿ ಮೊಸರು ಸರಿಯಾಗಿ ಹಾಕುತ್ತಾರಾ?

ನಿನ್ನ ಅತ್ತೆ
ದೇವೀರಮ್ಮ


ಕೊಯಮತ್ತೂರು
2 ಮಾರ್ಚ್ 1987

ಪ್ರೀತಿಯ ಅತ್ತೆಗೆ,

ಅಜ್ಜಿಯ ಮೊಣಕಾಲು ಕಡಿಮೆಯಾದದ್ದು ಕೇಳಿ ಸಂತೋಷ. ನಾನು ಕೇಳಿದ್ದು ಮೊಣಕಾಲಿನ ವಿಷಯ ಅಲ್ಲ.

ಇಲ್ಲಿ ಓದುಗರ ಕಾಗದಗಳನ್ನು ಬಿಡಿಸುವ ಕೆಲಸ ನನ್ನದು. ಈ ತಿಂಗಳು ಚೀಲದ ತುಂಬ ಬಂದಿವೆ. ವ್ಯಾನನ್ನು ಕಣ್ಣಿನಿಂದ ನೋಡದವರೆಲ್ಲ ಬರೆದಿದ್ದಾರೆ. ಉಡುಮಲೈಪೇಟೆಯ ಒಬ್ಬರು ಬ್ಯಾಟರಿ ಇರಬೇಕಾದದ್ದು ಟಾರ್ಚಿನಲ್ಲಿ ಅಂತ. ಇನ್ನೊಬ್ಬರು ಸೈಕಲ್ ಅಂಗಡಿ ಇಟ್ಟವರು, ಇಂಥ ಗಾಡಿಯಲ್ಲಿ ಊಟಿ ಘಾಟಿ ಹತ್ತಲು ಆಗುತ್ತದೆಯೇ ಎಂದು ಕೋಪದಿಂದ ಕೇಳಿದ್ದಾರೆ. ಅವರಿಗೆ ಊಟಿಯಲ್ಲಿ ಏನು ಕೆಲಸವೋ. ಒಂದು ವ್ಯಾನು ಒಂದು ದಿನ ನಿಂತದ್ದು ಈಗ ಎಲ್ಲ ಬ್ಯಾಟರಿ ಗಾಡಿಗಳ ಜಾತಕವಾಗಿಬಿಟ್ಟಿದೆ.

ಪರದೇಶದ ಮೋಟಾರ್ ಪತ್ರಿಕೆಗಳಿಂದ ಸುದ್ದಿ ತಮಿಳಿಗೆ ಮಾಡುವುದೂ ನನ್ನ ಪಾಲಿಗೆ ಬರುತ್ತದೆ. ಅವರೂ ಹೀಗೆಯೇ ಅತ್ತೆ. ಹಾಲು ಹಾಕುವ ಬ್ಯಾಟರಿ ಗಾಡಿಯಾದರೂ ಅವರು ಕೇಳುವುದು ಎಷ್ಟು ವೇಗ, ಎಷ್ಟು ದೂರ. ದಿನಕ್ಕೆ ಎಷ್ಟು ಮನೆಯ ಮುಂದೆ ನಿಂತು ಹೊರಡಬೇಕು, ರಾತ್ರಿ ಎಲ್ಲಿ ಮಲಗುತ್ತದೆ, ಹಾಲು ತುಳುಕುತ್ತದೆಯೇ, ಯಾರೂ ಕೇಳುವುದಿಲ್ಲ. ಓದಿ ಓದಿ ನನಗೂ ಅದೇ ಸರಿ ಅನ್ನಿಸಿಬಿಟ್ಟಿತ್ತು. ಮಾಮ ಮೊದಲ ಸಲ ವ್ಯಾನು ತೋರಿಸಿದಾಗ ನಾನೂ ಕೇಳಿದ್ದು, ಎಷ್ಟು ವೇಗ ಮಾಮ ಎಂದೇ.

ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಸಾರ್‌ಗೆ ಕೇಳಬೇಕೆಂದು ಅವರ ಬಾಗಿಲ ತನಕ ಹೋಗುತ್ತಿದ್ದೆ. ಅವರು ತಲೆ ಎತ್ತಿದರೆ, ಈ ಹೆಸರಿನ ಕಾಗುಣಿತ ಸರಿಯೇ ಎಂದು ಏನಾದರೂ ಕೇಳಿ ಬರುತ್ತಿದ್ದೆ. ಕಡೆಗೆ ಅವರೇ, “ಅಮ್ಮಣಿ, ನಿನಗೆ ಕಾಗುಣಿತ ನನಗಿಂತ ಚೆನ್ನಾಗಿ ಬರುತ್ತೆ. ಬಂದ ವಿಷಯ ಹೇಳು” ಅಂದರು. ಹೇಳಿದೆ. ಇನ್ನೊಂದು ಪರೀಕ್ಷೆಯ ಮಾತಷ್ಟೇ, ಮಾಮ ನನಗೆ ಯಾರೆಂದು ಅಲ್ಲ. ನಗುತ್ತ ಲಾಡು ಕೊಟ್ಟರು. “ವಾಯುಪುತ್ರನ್ ಒಂದೇ ಗಾಡಿಗೆ ಎರಡು ಸಲ ಎರಡು ಮಾತು ಹೇಳಿದರೆ ಆಮೇಲೆ ಅವನನ್ನು ಗಿಳಿಶಾಸ್ತ್ರದವನ ಪಕ್ಕದಲ್ಲಿ ಕೂರಿಸುತ್ತಾರೆ. ಆ ದಿನ ಗಾಡಿ ಸರಿಯಿರಲಿಲ್ಲ ಅಂತ ಏನಾದರೂ ಕಾರಣ ಇದ್ದರೆ ಹೇಳು, ನೋಡೋಣ.”

ಕಾರಣ ನನ್ನ ಬಾಯಲ್ಲೇ ಇತ್ತು. ಆದರೆ ಅದು ನನ್ನದಲ್ಲ, ನಿಮ್ಮದು.

ನೀವು ಬ್ಯಾಟರಿಯ ವಿಷಯ ಯೋಚಿಸಿರಲಿಕ್ಕಿಲ್ಲ. ಪೆಟ್ರೋಲ್ ಗಾಡಿಯನ್ನು ಗುಡಿಗೆ ಒಯ್ದರೆ ಬರುವಾಗ ಬಂಕಿನಲ್ಲಿ ಹಾಕಿಸಿಕೊಂಡರಾಯಿತು. ಈ ವ್ಯಾನು ರಾತ್ರಿಯಿಡೀ ಕುಡಿದದ್ದನ್ನೇ ಹಗಲಿಡೀ ಖರ್ಚು ಮಾಡಬೇಕು. ಗುಡಿಗೆ ಹೋಗಿ ಬರುವುದರಲ್ಲೇ ಅದು ಅರ್ಧ ಕಳೆದುಕೊಂಡಿದ್ದರೆ, ಪೊಳ್ಳಾಚಿ ರಸ್ತೆಯಲ್ಲಿ ಮಾಮನ ಮೋಟಾರು ನಿಂತದ್ದು ಮಾಮನ ತಪ್ಪಲ್ಲ. ಅದು ಅವರಿಗೆ ಗೊತ್ತಾಗಬೇಡವೇ?

ಯಾರದು ತಪ್ಪು ಎಂದು ಕೇಳುತ್ತಿಲ್ಲ ಅತ್ತೆ. ಹಳೇ ಕಬ್ಬಿಣದವನು ಬರುವ ಮೊದಲು ಬರೆಯಿರಿ. ಮೊಸರು ಹುಳಿ, ಆದರೂ ಹಾಕುತ್ತಾರೆ.

ನಿಮ್ಮ
ರಂಗಿ


ಕಿಣತ್ತುಕಡವು
18 ಮಾರ್ಚ್ 1987

ರಂಗಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಓದುವಾಗ ಈ ಸಲ ಹಾಲು ಉಕ್ಕಿಸಲಿಲ್ಲ. ಮಾಮನಿಗೆ ರಂಗಿ ಚೆನ್ನಾಗಿದ್ದಾಳಂತೆ, ಮೊಸರು ಹುಳಿಯಂತೆ ಅಂತ ಹೇಳಿ ಮಡಚಿಟ್ಟೆ. “ಇಷ್ಟು ಪುಟದಲ್ಲಿ ಬರೀ ಮೊಸರಾ?” ಅಂದರು.

ಹೇಳಿಬಿಡುತ್ತೇನೆ. ನಿನ್ನ ಅಜ್ಜಿಗೆ ಮೊದಲಿಂದಲೂ ಒಂದೇ ಹಟ. ಈ ಮನೆಗೆ ಬಂದ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಸೈಕಲ್ಲು, ಯಾವುದೂ ಅಮ್ಮನವರ ಗುಡಿ ನೋಡದೆ ಕೆಲಸ ಶುರು ಮಾಡಿಲ್ಲ. ನಿಮ್ಮ ಮಾಮ ಬೇಡ ಅಂದವರಲ್ಲ, ಪರೀಕ್ಷೆ ಆಗಲಿ ಆಮೇಲೆ ಅಂದರು. ಅಜ್ಜಿ ನನ್ನ ಹತ್ತಿರ, “ಪರೀಕ್ಷೆಗೆ ಮುಂಚೆ ಸಾಮಿ ಕುಂಬಿಡದೆ, ಕೈ ಮುಗಿಯದೆ ಯಾವ ಮಗು ಇಸ್ಕೂಲಿಗೆ ಹೋಗುತ್ತೆ ದೇವೀರಾ?” ಅಂದರು. ನನಗೂ ಸರಿ ಅನ್ನಿಸಿತು.

ಮಾಮನ ಬಸ್ಸು ತಿರುವು ದಾಟಿತೋ ಇಲ್ಲವೋ, ಅಜ್ಜಿ ಸೀರೆ ಉಟ್ಟು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಮಾಮನ ಹತ್ತಿರ ಕೆಲಸಕ್ಕಿರುವ ಮೈಲ್‌ಸಾಮಿ ಓಡಿಸಿದ. ಪಕ್ಕದ ಮನೆ ಸಾಮಿಯಾತಾಳ್, ಅವಳ ಸೊಸೆಯರು, ಆ ಸೊಸೆಯರ ಮಕ್ಕಳು, ಪೊಂಗಲ್ ಮಾಡುವ ದೊಡ್ಡ ಹಿತ್ತಾಳೆ ಪಾತ್ರೆ, ಅಕ್ಕಿ, ಸೌದೆ, ಗೋಣಿ ತುಂಬ ತೆಂಗಿನಕಾಯಿ. ಸಾಮಿಯಾತಾಳ್ ಒಬ್ಬಳೇ ಎಷ್ಟು ಭಾರ ನಿನಗೆ ಗೊತ್ತು. ಅವಳು ಹತ್ತಿದ ಕಡೆ ವ್ಯಾನು ವಾಲಿತು. ಆದರೆ ಹೊರಟಿತು ನೋಡು, ಸದ್ದೇ ಇಲ್ಲ. ದಾರಿಯಲ್ಲಿ ನವಿಲುಗಳು ಕೂತಲ್ಲೇ ಕೂತಿದ್ದವು. ಮೈಲ್‌ಸಾಮಿ ಇಳಿದು ಅವನ್ನು ಓಡಿಸಬೇಕಾಯಿತು. ಸದ್ದಿಲ್ಲದ್ದರಿಂದ ನಾವು ಮಾತಾಡಿದ್ದು ನಮಗೇ ಕೇಳುತ್ತಿತ್ತು. ಈ ಊರಿಗೆ ಬಂದ ಮೇಲೆ ನಾನು ಅಷ್ಟು ನಕ್ಕ ಪ್ರಯಾಣ ಇನ್ನೊಂದಿಲ್ಲ ರಂಗಿ.

ವಾಪಸು ಬಂದಾಗ ಮೈಲ್‌ಸಾಮಿ ಮೀಟರಿನ ಮುಳ್ಳು ನೋಡಿ, “ಅಕ್ಕಾ, ಮುಳ್ಳು ಕೆಳಗೆ ಬಂದಿದೆ” ಅಂದ. ಚಾರ್ಜಿಗೆ ಹಾಕೋಣ ಅಂದರೆ ಕರೆಂಟಿಲ್ಲ. “ಪೂಜೆ ಆಗಿದೆ, ಇನ್ನು ಅಮ್ಮನೇ ತಳ್ಳುತ್ತಾಳೆ” ಅಂದರು ಅಜ್ಜಿ. ಅಷ್ಟರಲ್ಲಿ ನಿಮ್ಮ ಸಾರ್ ಬಂದ ಕಾರು ಬಾಗಿಲಿಗೆ ಬಂತು. ಬಾಗಿಲ ಮೇಲಿನ ಅರಿಶಿನ ನೋಡಿ ಮಾಮ ನಾವು ಮನೆಯಲ್ಲೇ ಪೂಜೆ ಮಾಡಿದೆವು ಅಂದುಕೊಂಡರು. ನಿನ್ನ ಹಾಗೆ ಬೆರಳು ನೋಡುವ ಬುದ್ಧಿ ಅವರಿಗಿಲ್ಲ.

ಆ ದಿನವೇ ಹೇಳಬಹುದಿತ್ತು. ಅತಿಥಿಗಳ ಮುಂದೆ ಹೇಗೆ ಹೇಳಲಿ? ಮಾರನೆಯ ದಿನ ಅವರು ಊಟ ಮಾಡಲಿಲ್ಲ. ಆಗ ಹೇಗೆ ಹೇಳಲಿ? ಈಗ ಊರೇ ನಕ್ಕಾಗಿದೆ. ಈಗ ಹೇಳಿದರೆ, ಇಷ್ಟು ದಿನ ಎಲ್ಲ ಗೊತ್ತಿದ್ದೂ ನನಗೆ ಟೀ ಮಾಡಿಕೊಡುತ್ತಿದ್ದೆಯಾ ಅಂತ ಕೇಳುತ್ತಾರೆ. ಅಜ್ಜಿ ಪಾಪ, ಅಮ್ಮ ಯಾಕೆ ತಳ್ಳಲಿಲ್ಲ ಅಂತ ಇನ್ನೂ ಯೋಚಿಸುತ್ತಿದ್ದಾರೆ.

ಮಾಮ ನಿನ್ನೆ ಎರಡು ಬ್ಯಾಟರಿ ಬಿಚ್ಚಿ ಕೆಳಗಿಟ್ಟರು.

ದೇವೀರಮ್ಮ


ಕಿಣತ್ತುಕಡವು
10 ಏಪ್ರಿಲ್ 1987

ರಂಗನಾಯಕಿಗೆ ಮಾಮ ಪೆರಿಯಸಾಮಿ ಹೇಳಿ ಬರೆಸುವುದು.

(ಬರೆಯುತ್ತಿರುವವಳು ನಾನು. ಎದುರಿಗೆ ಕಾಲು ಚಾಚಿ ಕೂತು ಕಲೆಕ್ಟರ್ ಹಾಗೆ ಹೇಳುತ್ತಿದ್ದಾರೆ.)

ಕಣ್ಣು ರಂಗಿ, ನಿಮ್ಮತ್ತೆ ಎಲ್ಲ ಹೇಳಿದಳು. ಮೂರನೇ ಬ್ಯಾಟರಿಯ ನಟ್ಟು ಬಿಚ್ಚುತ್ತಾ ಇದ್ದೆ. ಸ್ಪ್ಯಾನರ್ ಕಿತ್ತುಕೊಂಡು ಹೇಳಿದಳು. (ಕಿತ್ತುಕೊಳ್ಳಲಿಲ್ಲ, ಕೈಯಿಂದ ತೆಗೆದುಕೊಂಡೆ. ಅಳುತ್ತಿದ್ದೆ. ಅದನ್ನು ಹೇಳುವುದಿಲ್ಲ ನೋಡು.) ಕೋಪ ಬರಬೇಕಿತ್ತು. ಬಾಯಿ ತೆರೆದರೆ ಬಂದದ್ದು ಬೇರೆ ಮಾತು. “ಯಾರು ಯಾರು ಹತ್ತಿದ್ದರು?” ಅಂತ ಕೇಳಿದೆ. ಹೇಳಿದಳು. “ಸಾಮಿಯಾತಾಳುನಾ?” ಅಂದೆ. ಹೌದು ಅಂದಳು. “ಹಿತ್ತಾಳೆ ಪಾತ್ರೆನೂ?” ಅಂದೆ. ಅದೂ ಅಂದಳು.

ಸೈಕಲ್ ತಗೊಂಡು ಅದೇ ದಾರಿಯಲ್ಲಿ ಗುಡಿಗೆ ಹೋಗಿ ಬಂದೆ, ಎಷ್ಟು ದೂರ ಅಂತ ಸರಿಯಾಗಿ ತಿಳ್ಕೊಳ್ಳೋಕೆ. ಗುಡಿಯ ದಾರಿ, ಅದರ ಮೇಲೆ ಪೊಳ್ಳಾಚಿ ರಸ್ತೆಯ ದಾರಿ, ಎರಡೂ ಕೂಡಿಸಿದರೆ ಈ ವಂಡಿ ನಾನು ವಾಯುಪುತ್ರನಿಗೆ ಹೇಳಿದ್ದಕ್ಕಿಂತ ಜಾಸ್ತಿ ಓಡಿದೆ ಕಣ್ಣು. ಪೆಡಲ್ ಪೂರ್ತಿ ಒತ್ತಿಕೊಂಡು, ಸಾಮಿಯಾತಾಳನ್ನೂ ಹೊತ್ತು. ನಾನು ಅಷ್ಟು ಆಗುತ್ತೆ ಅಂತ ಹೇಳೋಕೆ ಹೆದರಿದ್ದೆ. ಅಮ್ಮ ತಳ್ಳಿದಾಳೆ ಅಂತ ನಿಮ್ಮಜ್ಜಿ ಅಂತಾಳೆ. ಆಗಲಿ, ನಾನು ಮಾತಾಡಲ್ಲ.

(ಸೈಕಲ್ಲಿನಿಂದ ಇಳಿದು ಬಂದವರು ನೇರ ಟೀ ಅಂಗಡಿಗೆ ಹೋದರು. ಅಲ್ಲಿ ಯಾರೋ ಹಗ್ಗ ಬೇಕಾ ಅಂದರಂತೆ. “ಕೊಡಿ, ಬಾವಿಗೆ ಬೇಕು” ಅಂದರಂತೆ.)

ಹಬ್ಬಕ್ಕೆ ಮುಂಚೆಯೇ ನೋಡಿ ಹೋಗೋಕೆ ಬಂದ ಹಳೇ ಕಬ್ಬಿಣದವನಿಗೆ ಕಾಫಿ ಕೊಟ್ಟು ಕಳಿಸಿದೀನಿ. ಈಗ ನಿನ್ನ ಹತ್ತಿರ ಕೇಳೋದು ಏನಂದರೆ, ಇನ್ನೊಂದು ಓಟ ಬೇಡ. ಪೊಳ್ಳಾಚಿ ರಸ್ತೆಯಲ್ಲಿ ಲಾರಿ ಜೊತೆ ಓಡಲಿ ಅಂತ ನಾನು ಇದನ್ನು ಮಾಡಲಿಲ್ಲ. ಮಗ್ಗದ ಶೆಡ್ಡಿಂದ ಶೆಡ್ಡಿಗೆ ಹೋಗಬೇಕು, ನಿಲ್ಲಬೇಕು, ಇಳಿಸಬೇಕು, ಹೊರಡಬೇಕು. ಅವರು ಊಟ ಮಾಡುವಾಗ ಇದೂ ಕರೆಂಟು ಕುಡೀಬೇಕು. ನಂಜಪ್ಪನ ಹತ್ತಿರ ಹೋಗಿ ಒಂದು ದಿನ ಓಡಿಸಿ ನೋಡಿ ಅಂದೆ. ಸರೀಂಗ, ಆದರೆ ಪುಸ್ತಕದವರು ಬಂದು ನೋಡಬೇಕು ಅಂದ. ನಿಮ್ಮ ಸಾರ್ ಕೂತರೆ ತಲೆ ಸುತ್ತುತ್ತೆ. ನೀನು ಬಾ. ನೀನು ಚಿಕ್ಕವಳಿಂದ ಎಲ್ಲದನ್ನೂ ನೋಡ್ತೀಯ, ಮಾತಾಡಲ್ಲ. ಅಂಥವರೇ ಇದಕ್ಕೆ ಬೇಕು.

ಇನ್ನೊಂದು. ನಾನು ನಿನ್ನ ಮಾಮ ಅಂತ ನಿಮ್ಮ ಸಾರ್‌ಗೆ ನೀನು ಯಾಕೆ ಹೇಳಲಿಲ್ಲ? ಗ್ರೀಸ್ ಕೈಯವನು ಅಂತ ನಾಚಿಕೆಯಾ?

(ಈ ಕೊನೆಯ ಸಾಲು ಹೊಡೆದು ಹಾಕು ಅಂದರು. ಹೊಡೆದೆ ಅಂತ ಹೇಳಿದ್ದೇನೆ.)

ಮಾಮ ಪೆರಿಯಸಾಮಿ
ಕೈಬರಹ ದೇವೀರಮ್ಮ


ಕೊಯಮತ್ತೂರು
24 ಮೇ 1987

ಪ್ರೀತಿಯ ಅತ್ತೆಗೆ, ಮಾಮನಿಗೆ,

ಕಾಗದ ತಡವಾಯಿತು. ಮಾಮ ಹೊಡೆದು ಹಾಕು ಅಂದ ಸಾಲಿಗೆ ಮೊದಲು ಉತ್ತರ. ಮಾಮ, ನನಗೆ ನಿಮ್ಮ ಬಗ್ಗೆ ನಾಚಿಕೆಯಿಲ್ಲ. ನನ್ನ ಬಗ್ಗೆ ಇದೆ. ನಾಲ್ಕು ಜನ ನನ್ನ ಕಡೆ ತಿರುಗಿ ನೋಡಿದರೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ. ಅಷ್ಟಕ್ಕಾಗಿ ನಿಮ್ಮನ್ನು ಯಾರೋ ಎಂಬ ಹಾಗೆ ಬಿಟ್ಟೆ.

ಅವಿನಾಶಿಯ ದಿನದ ಬಗ್ಗೆ ಮೈಲ್‌ಸಾಮಿ ಅಣ್ಣ ಬಂದು ಹೇಳಿರುತ್ತಾರೆ. ನಾನು ಕಂಡದ್ದನ್ನೂ ಬರೆಯುತ್ತೇನೆ.

ಬಿಸಿಲು ಏರುವ ಮೊದಲೇ ನಂಜಪ್ಪನ್ ಅವರ ಗೋಡೌನಿನಲ್ಲಿ, ರಾತ್ರಿಯೆಲ್ಲ ಅಲ್ಲೇ ಚಾರ್ಜಿಗೆ ಇದ್ದ ವ್ಯಾನಿಗೆ, ನೂಲಿನ ಚೀಲ ತುಂಬಿದೆವು. ಹೊರಟು, ಒಂದು ಶೆಡ್ಡಿನಲ್ಲಿ ನಿಂತು, ನೂಲು ಇಳಿಸಿ, ನೇಯ್ದ ಬಟ್ಟೆಯ ಸುರುಳಿ ಹತ್ತಿಸಿ, ಮತ್ತೆ ಹೊರಟು, ಮತ್ತೆ ನಿಂತು. ಹೆಚ್ಚು ಹೊತ್ತು ಹೋಗುವುದಕ್ಕಿಂತ ನಿಲ್ಲುವುದರಲ್ಲೇ ಆಯಿತು. ಬೇರೆ ವ್ಯಾನುಗಳು ಹೀಗೆ ನಿಂತಾಗಲೂ ಗುಡುಗುಡು ಎನ್ನುತ್ತ ಪೆಟ್ರೋಲ್ ಸುಡುತ್ತವೆ. ಇದು ನಿಂತರೆ ನಿಂತಿತು, ಏನೂ ಖರ್ಚಿಲ್ಲ. ಕೊರತೆಗಳನ್ನೂ ಬರೆದುಕೊಂಡಿದ್ದೇನೆ ಮಾಮ, ಬೇಜಾರು ಮಾಡಿಕೊಳ್ಳಬೇಡಿ. ತುಂಬಿದ ವ್ಯಾನು ಏರಿನಲ್ಲಿ ಆಡುಗಳಿಗಿಂತ ಹಿಂದೆ ಬೀಳುತ್ತದೆ. ಹಾರ್ನ್ ಕೇಳಿಸುವುದಿಲ್ಲ. ಗಾಡಿ ಬಂದದ್ದೇ ತಿಳಿಯದೆ ಒಬ್ಬ ಮುದುಕರು ರಸ್ತೆ ನಡುವೆ ಪಂಚೆ ಕಟ್ಟಿಕೊಳ್ಳುತ್ತ ನಿಂತಿದ್ದರು. ಸೈಕಲ್ ಬೆಲ್ಲಾದರೂ ಹಾಕಿಸಿ. ಮಧ್ಯಾಹ್ನ ಊಟದ ಹೊತ್ತಿಗೆ ಚಾರ್ಜಿಗೆ ಹಾಕೋಣ ಅಂದರೆ ಕರೆಂಟು ಹೋಯಿತು. ಅದು ಬರುವ ತನಕ ಎಲ್ಲರೂ ಕಾದೆವು, ಮಗ್ಗಗಳೂ ಕಾದವು.

ಹಾಗೆ ಕಾಯುವ ಹೊತ್ತಿನಲ್ಲೇ, ಉಳಿದ ಚಾರ್ಜಿನಲ್ಲಿ, ಹತ್ತಿರದ ಅಂಗಮ್ಮ ಎನ್ನುವವರ ಶೆಡ್ಡಿಗೆ ಹೋಗಿ ಬಂದೆವು. ನಮ್ಮ ಹಾಗೆ ಕನ್ನಡ ಆಡುವವರು. ಬಾಗಿಲ ಹತ್ತಿರ ಸೀರೆಯ ತೊಟ್ಟಿಲಲ್ಲಿ ಮಗು. ಅದಕ್ಕೆ ಮಗ್ಗದ ಸದ್ದು ಜೋಗುಳ, ಮಗ್ಗ ನಿಂತಾಗ ಬೇರೆ ಸದ್ದು ಬಂದರೆ ಎಚ್ಚರವಾಗಿಬಿಡುತ್ತದಂತೆ. ಮಗ್ಗಗಳು ನಿಂತಿದ್ದವು. ವ್ಯಾನು ಬಂದು ಬಾಗಿಲಲ್ಲಿ ನಿಂತದ್ದು ಮಗುವಿಗೂ ತಿಳಿಯಲಿಲ್ಲ, ಅಂಗಮ್ಮನಿಗೂ ತಿಳಿಯಲಿಲ್ಲ. ಹೊರಗೆ ಬಂದವರು ನನ್ನನ್ನು ನೋಡಿ ಬೆಚ್ಚಿದರು. “ಇದೇನು ಕಣ್ಣು, ಬೆಕ್ಕು ಬಂದಂಗೆ ಬಂದಿದೀರ” ಅಂದರು. ಚೀಲ ಇಳಿಸಿ ಹೊರಡುವಾಗ ತೊಟ್ಟಿಲ ಕಡೆ ನೋಡಿ, ದನಿ ತಗ್ಗಿಸಿ, “ನಾಳೆಗೂ ಈ ವಂಡಿನೇ ಬರುತ್ತಾ?” ಅಂತ ಕೇಳಿದರು. ನಮ್ಮ ಪತ್ರಿಕೆಯಲ್ಲಿ ಇಷ್ಟು ವರ್ಷ ಯಾವ ಗಾಡಿಯ ಬಗ್ಗೆಯೂ ಯಾರೂ ಕೇಳದ ಪ್ರಶ್ನೆ ಅದು.

ಸಂಜೆ ಎಲ್ಲ ಮುಗಿಸಿ ಬಂದಾಗ ಮೀಟರಿನ ಮುಳ್ಳು ಇನ್ನೂ ನೆಲ ಮುಟ್ಟಿರಲಿಲ್ಲ. ನಂಜಪ್ಪನ್ ಅವರು ವ್ಯಾನನ್ನು ಒಂದು ಸುತ್ತು ಹಾಕಿ ನೋಡಿದರು. “ಕಣ್ಣಾರೆ ನೋಡಿದೆ. ಚೆನ್ನಾಗಿದೆ. ವಾಯುಪುತ್ರನ್ ಒಂದು ಮಾತು ಹಾಕಲಿ, ಮಾರನೇ ದಿನ ಎರಡು ವಂಡಿಗೆ ಹೇಳ್ತೀನಿ” ಅಂದರು. ತಾವು ದಿನವಿಡೀ ನೋಡಿದ್ದನ್ನು ಅವರು ಪುಸ್ತಕದಲ್ಲಿ ಓದಿದ ಮೇಲೆಯೇ ನಂಬುತ್ತಾರೆ.

ಮಾರನೆಯ ದಿನ ಸಾರ್‌ಗೆ ಎಲ್ಲ ಹೇಳಿದೆ. ಗುಡಿಯ ವಿಷಯವನ್ನೂ, ಅದು ನನ್ನ ಮನೆಯೆಂದು ಮಾತ್ರ ಬಿಟ್ಟು, ಹೇಳಿದೆ. ಲಾಡು ಕೈಯಲ್ಲೇ ಇಟ್ಟುಕೊಂಡು ಕೇಳಿದರು. ಆಮೇಲೆ ಅದನ್ನು ಡಬ್ಬಿಗೆ ವಾಪಸು ಹಾಕಿ, “ಬರಿ ಅಮ್ಮಣಿ. ಮುಂದಿನ ಸಂಚಿಕೆಗೆ ಹಾಕೋಣ. ಆದರೆ ಹೆಸರು ವಾಯುಪುತ್ರನದೇ ಇರಲಿ. ಅವನು ಹೇಳಿದರೆ ನಾಳೆಯೇ ಜಿಲ್ಲೆಯೆಲ್ಲ ನಂಬುತ್ತೆ. ಗುಡಿಯ ಕಥೆ ಬೇಡ, ಅವನು ಮೋಸಹೋದ ಹಾಗೆ ಕಾಣುತ್ತೆ. ನಿನ್ನ ಹೆಸರಲ್ಲಿ ಬಂದರೆ ಯಾರು ಓದುತ್ತಾರೆ? ಕೊನೆಯ ಪುಟದಲ್ಲಿ ಟೈರ್ ಜಾಹೀರಾತಿನ ಪಕ್ಕ ಹಾಕಬೇಕು” ಅಂದರು. ಸಿಟ್ಟಿನಿಂದ ಅಂದದ್ದಲ್ಲ, ನನ್ನ ಒಳ್ಳೆಯದಕ್ಕೇ ಅಂದರು.

ಅಲ್ಲಿಂದ ಈ ತನಕ ಅದನ್ನೇ ಯೋಚಿಸುತ್ತಿದ್ದೇನೆ. ವಾಯುಪುತ್ರನ ಹೆಸರು ಹಾಕಿದರೆ ನಂಜಪ್ಪನ್ ನಾಳೆಯೇ ಆಳು ಕಳಿಸುತ್ತಾರೆ. ಮಾಮ ಟೀ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರಬಹುದು. ನನ್ನನ್ನೂ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇನ್ನು ಆರು ತಿಂಗಳಿಗೆ ಬೇರೆ ಯಾರೋ ಬೇರೆ ಯಾವುದೋ ಗಾಡಿ ಮಾಡುತ್ತಾರೆ, ಅವರಿಗೂ ಒಂದು ಮನೆ, ಒಬ್ಬ ಅಜ್ಜಿ ಇರುತ್ತಾರೆ. ವಾಯುಪುತ್ರನ್ ಮತ್ತೆ ಒಂದು ಬೆಳಿಗ್ಗೆ ಹೋಗಿ, ಒಂದು ನಗೆಮಾತು ತರುತ್ತಾನೆ.

ರಾತ್ರಿ ಊಟವಾದ ಮೇಲೆ ಬರೆದು ಮುಗಿಸಿದೆ. ಮೊದಲ ಸಾಲಿನಲ್ಲೇ, ಈ ವ್ಯಾನು ಮಾಡಿದವರು ನನ್ನ ಮಾಮ, ಆದ್ದರಿಂದ ಓದುವವರು ಎಚ್ಚರಿಕೆಯಿಂದ ಓದಬೇಕು ಎಂದಿದೆ. ಎರಡನೆಯ ಸಾಲಿನಲ್ಲಿ ನಾಲ್ಕು ಬೆರಳಿನ ಕೈ. ಆಮೇಲೆ ಗುಡಿ, ಸಾಮಿಯಾತಾಳ್ ಅಕ್ಕ (ಭಾರ ಬರೆದಿಲ್ಲ), ಅಂಗಮ್ಮ, ಆಡು, ಹಾರ್ನ್. ಅಜ್ಜಿಗೆ ಹೇಳಿ, ಅಮ್ಮ ತಳ್ಳಿದ್ದನ್ನು ಅವರ ಮಾತಿನಲ್ಲೇ ಹಾಕಿದ್ದೇನೆ. ಕೆಳಗೆ ಕಿಣತ್ತುಕಡವು ರಂಗನಾಯಕಿ ಎಂದು ಬರೆದಿದ್ದೇನೆ. ನಾಳೆ ಸಾರ್ ಮೇಜಿನ ಮೇಲೆ ಇಟ್ಟು ಓಡಿಬರುವುದಿಲ್ಲ, ಅವರು ಓದುವ ತನಕ ಎದುರಿಗೆ ನಿಂತಿರುತ್ತೇನೆ. ಟೈರಿನ ಪಕ್ಕ ಹಾಕಿದರೆ ಟೈರಿನ ಪಕ್ಕ ಇರಲಿ. ನಂಜಪ್ಪನ್ ನಂಬದಿದ್ದರೆ ಇನ್ನೊಂದು ದಿನ ವ್ಯಾನಿನಲ್ಲಿ ಕೂರುತ್ತೇನೆ.

ಒಂದನ್ನು ಮಾತ್ರ ವರದಿಯಲ್ಲಿ ಬರೆದಿಲ್ಲ. ಸಾರ್‌ಗೆ ಹೇಳಿದಾಗ ಕುರ್ಚಿಯಿಂದ ಎದ್ದು ನಿಂತು, ಇದೇ ತಲೆಬರಹ ಅಂದಿದ್ದರು. ಅದನ್ನು ಹಾಕಿದರೆ ಜನ ಬೇರೆ ಎಲ್ಲ ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತಾರೆ, ಈ ಸಲ ಇನ್ನೊಬ್ಬರನ್ನು ನೋಡಿ ನಗುತ್ತಾರೆ. ಅದಕ್ಕೆ ಬಿಟ್ಟೆ.

ಆ ಸಂಜೆ ಗೋಡೌನಿಗೆ ವಾಪಸು ಬರುವಾಗ ಅವಿನಾಶಿ ರಸ್ತೆಯಲ್ಲಿ ಒಂದು ಪೆಟ್ರೋಲ್ ವ್ಯಾನು ಕೆಟ್ಟು ನಿಂತಿತ್ತು. ಅದರ ಡ್ರೈವರ್ ತಲೆ ಕೆರೆದುಕೊಳ್ಳುತ್ತ ಇಂಜಿನ್ನಿನೊಳಗೆ ಬಗ್ಗಿದ್ದ. ಮೈಲ್‌ಸಾಮಿ ಅಣ್ಣ ಸದ್ದಿಲ್ಲದೆ ಪಕ್ಕಕ್ಕೆ ತಂದು ನಿಲ್ಲಿಸಿ, ಸೀಟಿನ ಕೆಳಗಿನಿಂದ ಹೊಸ ಹಗ್ಗ ತೆಗೆದರು. ಫೆಬ್ರವರಿಯಿಂದ ಅದನ್ನು ಅಲ್ಲೇ ಇಟ್ಟುಕೊಂಡಿದ್ದರಂತೆ. ಕತ್ತು ಹೊರಗೆ ಹಾಕಿ, ಬಹಳ ಮರ್ಯಾದೆಯಿಂದ, “ಹಗ್ಗ ಬೇಕುಂಗಳಾ?” ಎಂದು ಕೇಳಿದರು.

ಅತ್ತೆ, ಇದನ್ನು ಮಾತ್ರ ಮಾಮನಿಗೆ ಜೋರಾಗಿ ಓದಿ ಹೇಳಿ.

ನಿಮ್ಮ
ರಂಗನಾಯಕಿ